ಸಲಾಮಿಗೆ ಇಳಿದ ಕೈ

ನಮ್ಮ ಕಡೆ ಹಿರಿಯರಿಗೆ ಎಡಗೈ ತೋರಿಸುವುದೆಂದರೆ ಜಗಳಕ್ಕೆ ಕರೆದಂತೆ. ಎಡಗೈಯಿಂದ ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ, ಎಡಗೈ ಬೀಸಿ ಊಟಕ್ಕೆ ಕರೆದರೆ ಹಸಿದು ಬಂದವನೂ ತಿರುಗಿ ಹೋಗುತ್ತಾನೆ. ಇದನ್ನು ನಾನು ಕಮಲಾಪುರದಲ್ಲಿ ಅವ್ವನ ಏಟು ತಿಂದು ಕಲಿತವನು. ಹೀಗಿರುವಾಗ ಕಲಬುರಗಿಯ ಪೊಲೀಸ್ ಮೈದಾನದಲ್ಲಿ, ಹೈದರಾಬಾದಿನಿಂದ ಬಂದ ಜಮಾದಾರರೊಬ್ಬರು ನನ್ನ ಎರಡೂ ತೋಳಿಗೆ ಬಿಳಿ ಬಟ್ಟೆಯ ಚೀಲ ಏರಿಸಿ, ಇವತ್ತಿನಿಂದ ನಿನಗೆ ಎಡ ಬಲ ಎಂಬ ಭೇದ ಇಲ್ಲ, ಎರಡೂ ಸರ್ಕಾರದ ಕೈ ಎಂದರು. ನಾನು ಹೂಂ ಎಂದೆ. ಪೊಲೀಸ್ ಜವಾನನ ಕೆಲಸದಲ್ಲಿ ಹೂಂ ಅನ್ನುವುದೇ ಮೊದಲ ಪಾಠ.

ಆಗ ಊರಿಗೆ ಸರ್ಕಾರಿ ಬಸ್ಸುಗಳು ಹೊಸದಾಗಿ ಬಂದಿದ್ದವು. ಸಾಹೇಬರುಗಳ ಮೋಟಾರುಗಳೂ ಹೆಚ್ಚಿದ್ದವು. ಸ್ಟೇಷನ್ ದಾರಿ, ಶಹಾಬಜಾರದ ದಾರಿ, ಕೋಟೆಯ ದಾರಿ, ಕಮಲಾಪುರದ ಕಡೆಯಿಂದ ಬರುವ ಹುಮನಾಬಾದ್ ದಾರಿ, ಈ ನಾಲ್ಕೂ ಕೂಡುವ ಚೌಕಿನಲ್ಲಿ ಬಂಡಿ, ಟಾಂಗಾ, ಸೈಕಲ್, ತಲೆಹೊರೆಯ ಮಂದಿ ಎಲ್ಲ ಒಂದೇ ಹೊತ್ತಿಗೆ ನುಗ್ಗುತ್ತಿದ್ದರು. ಅದರ ನಡುವೆ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ನನ್ನನ್ನು ನಿಲ್ಲಿಸಿದರು. ಬಲಗೈ ನೇರ ಮೇಲೆ, ಅಂಗೈ ಮುಂದೆ: ಎದುರಿನವರು ನಿಲ್ಲಬೇಕು. ಎಡಗೈ ಪಕ್ಕಕ್ಕೆ ಚಾಚಿದರೆ ಹಿಂದಿನವರು ನಿಲ್ಲಬೇಕು. ಕೈ ಎದ್ದರೆ ನಿಲ್ಲು, ಇಳಿದರೆ ನಡೆ. ಕಾನೂನು ಇಷ್ಟೇ ಇತ್ತು.

ಇಷ್ಟೇ ಇದ್ದರೂ ಜನಕ್ಕೆ ತಿಳಿಯಲು ಬಹಳ ದಿನ ಹಿಡಿಯಿತು. ನಾನು ಕೈ ಎತ್ತಿದರೆ ಕೆಲವರು ತಿರುಗಿ ನಮಸ್ಕಾರ ಮಾಡುತ್ತಿದ್ದರು. ಒಬ್ಬ ಮುದುಕಿ "ಯಾರಿಗಿ ಕರಿಲಾಕತ್ತಿ ಯಪ್ಪಾ?" ಎಂದು ಹಿಂದೆ ತಿರುಗಿ ನೋಡಿದಳು. ತಾಜಸುಲ್ತಾನಪುರದಿಂದ ಮೊಸರು ತರುವ ಹೆಂಗಸಂತೂ ತಲೆಯ ಮೇಲಿನ ಗಡಿಗೆ ಅಲುಗದಂತೆ ನನ್ನ ತೋಳಿನ ಕೆಳಗೇ ಹಾದುಹೋಗುತ್ತ, "ನನಗೇನ್ ಗಾಲಿ ಅವೇನು? ಬಂಡಿ ನಿಂದ್ರಸು, ಮೋಟಾರ್ ನಿಂದ್ರಸು. ನಡ್ಯೋರಿಗಿ ಯಾಕ ತರಬತಿ?" ಎಂದು ಜೋರು ಮಾಡಿದಳು. ಸೈಕಲ್ಲಿನವರು ಇನ್ನೂ ಕಠಿಣ. ಅರ್ಧ ಜನರ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ, ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸಬೇಕು. ಟಾಂಗಾದವರು ನನಗೆ ಕೈ ಜವಾನ ಎಂದು ಹೆಸರಿಟ್ಟರು.

ಮೊದಲ ದಿನದಿಂದಲೇ ನನ್ನ ಕೈಗೆ ಮರ್ಯಾದೆ ಕೊಟ್ಟವರು ಒಬ್ಬರೇ, ನಮ್ಮೂರ ಬಾಳೆಹಣ್ಣಿನ ಕಾಕಾ. ರಕ್ತ ಸಂಬಂಧ ಅಲ್ಲ. ಕಮಲಾಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ, ಅಷ್ಟೇ. ಅವರ ತೋಟದ ಕೆಂಪು ಬಾಳೆಗೆ ಕಲಬುರಗಿಯಲ್ಲಿ ಬಹಳ ಬೇಡಿಕೆ. ಗೊನೆಗಳನ್ನು ಒಣಗಿದ ಬಾಳೆ ಎಲೆಯಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಎರಡೂ ಬದಿಗೆ ತೂಗುಹಾಕಿ, ಬೆಳಗಿನ ಸಂತೆಗೆ ಮುಟ್ಟುವಂತೆ ತುಳಿದುಕೊಂಡು ಬರುತ್ತಿದ್ದರು. ಚೌಕಿಗೆ ಇನ್ನೂ ದೂರ ಇರುವಾಗಲೇ ವೇಗ ತಗ್ಗಿಸಿ, ಒಂದು ಕಾಲು ನೆಲಕ್ಕೆ ಊರಿ, ಕಣ್ಣು ನನ್ನ ಅಂಗೈ ಮೇಲೆ ನೆಟ್ಟು ನಿಲ್ಲುತ್ತಿದ್ದರು. ರಸ್ತೆ ಖಾಲಿ ಇದ್ದರೂ ಕೈ ಇಳಿಯುವವರೆಗೆ ಪೆಡಲು ತುಳಿದವರಲ್ಲ. ಹಿಂದಿನವರು ನುಗ್ಗಿದರೆ ಬೈಯುತ್ತಿದ್ದರು.

"ಕೈ ಕಾಣಲ್ಲೇನೋ? ನಮ್ಮ ಹುಡುಗ ನಿಂದ್ರು ಅಂದಾನ. ದೊಡ್ಡ ದೊಡ್ಡ ಮೋಟಾರೇ ನಿಂದ್ರತಾವ, ನಿಂದೇನ್ ಅವಸರ?"

ಊರಿಗೆ ಹೋದಾಗ ಕಾಕಾ ಕಟ್ಟೆಯ ಮೇಲೆ ಕುಳಿತು ನನ್ನ ಹಾಗೆ ಕೈ ಎತ್ತಿ ಎಲ್ಲರಿಗೂ ಪಾಠ ಹೇಳುತ್ತಿದ್ದರಂತೆ. ಕೇಳಿ ನಾನು ಉಬ್ಬಿದ್ದೆ. ಈಗ ನೆನೆದರೆ ಆ ಉಬ್ಬಿಗೂ ನಾಚಿಕೆ.

ಎಡಗೈಯ ರಗಳೆ ಶುರುವಾದದ್ದು ಶಹಾಬಜಾರದ ಅರಿವೆ ವ್ಯಾಪಾರಿಯೊಬ್ಬರಿಂದ. ಅವರ ಟಾಂಗಾವನ್ನು ನಾನು ಎಡಗೈ ಚಾಚಿ ನಿಲ್ಲಿಸಿದ್ದೆ. ಅವರು ಅಲ್ಲಿಂದ ನೆಟ್ಟಗೆ ಠಾಣೆಗೆ ಹೋದರು. ಸಂಜೆ ನಾನು ಹೋದಾಗ ಅಮೀನ ಸಾಹೇಬರ ಮುಂದೆ ಇನ್ನೂ ಕುಳಿತಿದ್ದರು. ನಮ್ಮ ಠಾಣೆಗೆಲ್ಲ ಅಮೀನರೇ ಯಜಮಾನರು.

"ನಾ ಬಜಾರದಾಗ ತಲಿ ಎತ್ತಿ ತಿರಗಾಡದವ ಇದೀನ್ರಿ," ಎಂದರು ವ್ಯಾಪಾರಿ. "ನಾಕ್ ಮಂದ್ಯಾಗ ಈ ಪೋರ ನನಗ ಎಡಗೈ ತೋರಿಸಿ ನಿಂದ್ರಸತಾನ. ನಾ ಏನ್ ದನ ಏನ್ರಿ?"

ಅಮೀನರು ನನ್ನ ಕಡೆ ತಿರುಗಿದರು. "ಇದು ಹೈದ್ರಾಬಾದ್ ಅಲ್ಲಪಾ. ಇಜ್ಜತ್ ಇದ್ದ ಮಂದಿಗಿ ಬಲಗೈಲೇ ನಿಂದ್ರಸು. ಎಡಗೈ ಬೆನ್ನ ಹಿಂದ ಇಟ್ಗೋ."

"ಜಮಾದಾರ ಸಾಹೇಬ್ರು ಎರಡೂ ಕೈ ಕಲಿಸ್ಯಾರ್ರಿ. ಬಲಗೈಲೇ ಸಲಾಮೂ ಹೊಡೀಬೇಕಲ್ರಿ."

"ಮತ್ತೇನ್, ಸಾಹೇಬರ ಮೋಟಾರ್ ಬಂದ್ರ ಎಡಗೈಲೇ ಸಲಾಂ ಹೊಡೀತಿ?"

ಠಾಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಖರೆ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಯೆನಿಸಿತ್ತು. ಹಿರಿಯರಿಗೆ ಎಡಗೈ ಚಾಚುವಾಗೆಲ್ಲ ಅವ್ವ ಎಲ್ಲೋ ಬೆತ್ತ ಹಿಡಿದು ನಿಂತಂತೆ ಭಾಸವಾಗುತ್ತಿತ್ತು.

ಮರುದಿನದಿಂದ ನನ್ನ ಎಡಗೈ ಬೆನ್ನ ಹಿಂದೆ ಹೋಯಿತು. ಒಂದೇ ಕೈಯಿಂದ ನಾಲ್ಕು ದಾರಿ ಸಂಭಾಳಿಸಲು ನಾನು ಬುಗುರಿಯಂತೆ ತಿರುಗುತ್ತಿದ್ದೆ. ಅದಾದರೂ ಹೇಗೋ ನಡೆಯುತ್ತಿತ್ತು. ತೊಡಕು ಬರುತ್ತಿದ್ದದ್ದು ಸಾಹೇಬರುಗಳ ಮೋಟಾರು ಬಂದಾಗ. ಮೋಟಾರಿಗೆ ದಾರಿ ಮಾಡಿಕೊಡಲು ಅಡ್ಡದಾರಿಯವರಿಗೆ ಬಲಗೈ ಎತ್ತಿ ನಿಲ್ಲಿಸಬೇಕು. ಮೋಟಾರು ಹತ್ತಿರ ಬಂದೊಡನೆ ಅದೇ ಬಲಗೈ ಹಣೆಗೆ ಬರಬೇಕು. ಸಲಾಂ ತಪ್ಪಿದರೆ ನೌಕರಿ ತಪ್ಪಿದ ಹಾಗೆ. ಕೈ ಮೇಲಿಂದ ಹಣೆಗೆ ಬಂದರೆ ನಿಂತವರಿಗೆ ಏನು ಕಾಣುತ್ತದೆ? ಕೈ ಇಳಿದದ್ದು ಕಾಣುತ್ತದೆ.

ಇದು ನನಗೆ ಮುಂಚೆಯೇ ಗೊತ್ತಾಗಬೇಕಿತ್ತು. ಒಮ್ಮೆ ಮೊಸರಿನ ಹೆಂಗಸು ನಾನು ಸಲಾಂ ಹೊಡೆದ ಕ್ಷಣವೇ ಹೆಜ್ಜೆ ಇಟ್ಟು, ಮೋಟಾರಿನ ಗಾಳಿಗೆ ತತ್ತರಿಸಿ ಹಿಂದೆ ಸರಿದಳು. ಗಡಿಗೆ ಉಳಿಯಿತು, ಮೊಸರು ಮೈಮೇಲೆ ಚೆಲ್ಲಿತು. ನಾನು ಪೆಟ್ಟಿಗೆಯ ಮೇಲಿಂದಲೇ "ಕಣ್ಣ ಎಲ್ಲಿಟ್ಟೀಯವ್ವಾ?" ಎಂದು ಗದರಿಸಿದೆ.

"ನಿನ್ನ ಕೈ ಮ್ಯಾಲೇ ಇಟ್ಟಿದ್ನೋ ಮಾರಾಯಾ!" ಎಂದಳು ಅವಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಟಾಂಗಾದವರ ಮುಂದೆ ಅವಳನ್ನು ಹಾಸ್ಯ ಮಾಡಿದೆ. ಅವರು ನಕ್ಕರು. ಅಲ್ಲಿಗೆ ಆ ಸಂಗತಿಯನ್ನು ನಾನು ಮರೆತೆ.

ಅಪಘಾತ ಆದದ್ದು ಸಂತೆಯ ಬೆಳಿಗ್ಗೆ. ಹುಮನಾಬಾದ್ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಕಾಕಾ, ಎಂದಿನಂತೆ ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದರು. ಅವರ ಹಿಂದೆ ಇನ್ನೂ ಕೆಲವು ಸೈಕಲ್ಲು, ಒಂದು ಬಂಡಿ. ನಾನು ಅವರಿಗೆ ಕೈ ಎತ್ತಿದ್ದೆ. ಸ್ಟೇಷನ್ ಕಡೆಯಿಂದ ಒಬ್ಬ ದೊಡ್ಡ ಸಾಹೇಬರ ಮೋಟಾರು ವೇಗವಾಗಿ ಬಂತು. ಅದರ ಮೂತಿಯ ಮೇಲಿನ ಸರ್ಕಾರಿ ಬಾವುಟ ಕಂಡದ್ದೇ ತಡ, ನನ್ನ ಮೈ ತಾನೇ ಸೆಟೆಯಿತು, ಮುಖ ಆ ಕಡೆ ತಿರುಗಿತು, ಕೈ ಹಣೆಗೆ ಬಂತು.

ಹಿಂದಿನ ಸೈಕಲ್ಲಿನವರು ಅಲುಗಲಿಲ್ಲ. ಅವರು ಎಂದೂ ನನ್ನ ಕೈ ನೋಡಿದವರಲ್ಲ, ರಸ್ತೆ ನೋಡುತ್ತಿದ್ದರು. ರಸ್ತೆಯಲ್ಲಿ ಮೋಟಾರು ಬರುತ್ತಿತ್ತು, ನಿಂತರು. ನನ್ನ ಕೈ ನೋಡುತ್ತಿದ್ದವರು ಕಾಕಾ ಒಬ್ಬರೇ. ಅವರು ಪೆಡಲು ತುಳಿದರು.

ಸದ್ದು ಕೇಳಿತು. ಕೆಂಪು ಬಾಳೆಹಣ್ಣು ಚೌಕಿನ ತುಂಬ ಉರುಳಿದವು. ಯಾರೋ ಹೆಂಗಸರು ಚೀರಿದರು. ಮೋಟಾರು ಅಷ್ಟು ದೂರ ಹೋಗಿ ನಿಂತಿತು. ಕಾಕಾ ನೆಲದ ಮೇಲೆ ಬಿದ್ದು, ಮುರಿದ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು, ಪೆಟ್ಟಿಗೆಯ ಮೇಲೆ ನಿಂತ ನನ್ನನ್ನೇ ನೋಡುತ್ತಿದ್ದರು. ನನ್ನ ಕೈ ಇನ್ನೂ ಹಣೆಯ ಮೇಲೇ ಇತ್ತು. ಸಾಹೇಬರು ಕಣ್ಮರೆಯಾಗುವವರೆಗೆ ಇಳಿಸಬಾರದು ಎಂಬ ಅಭ್ಯಾಸ. ಆ ಕೈಯನ್ನು ಮುರಿದು ಎಸೆಯಬೇಕು ಎನ್ನುವಷ್ಟು ನಾಚಿಕೆ ಆಯಿತು.

ಕಾಕಾನನ್ನು ದವಾಖಾನೆಗೆ ಒಯ್ದೆವು. ಸೈಕಲ್ಲು ಠಾಣೆಯ ಅಂಗಳಕ್ಕೆ ಬಂತು. ಸಂಜೆಯ ಹೊತ್ತಿಗೆ ಅಮೀನರು ಪ್ರಕರಣ ಕಟ್ಟಿಬಿಟ್ಟಿದ್ದರು: ಬಾಳೆಹಣ್ಣು ಮಾರುವವನು ಜವಾನನ ಕೈ ಮೀರಿ ಸರ್ಕಾರಿ ಮೋಟಾರಿಗೆ ಅಡ್ಡ ಬಂದ. ಶಿಕ್ಷೆಯಾದರೆ ಸೈಕಲ್ಲು ಜಪ್ತಿ, ಮೇಲೆ ಜೈಲೂ ಆಗಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಾನು ಅವರ ಮುಂದೆ ನಿಂತು, ಕೈ ಇಳಿದದ್ದು ಹೌದು ಎಂದೆ.

"ಯಾಕ ಇಳೀತು?"

"ಸಲಾಂ ಹೊಡಿಲಾಕ್ರಿ."

"ಅಂದ್ರ ಸಲಾಂ ತಗೊಂಡ ಸಾಹೇಬರ ಮ್ಯಾಲ ತಪ್ಪು ಹೊರಸ್ತಿ?" ಅಮೀನರು ಧ್ವನಿ ತಗ್ಗಿಸಿದರು. "ನೋಡು, ನೀನೂ ಹೋಗ್ತಿ, ನಾನೂ ಹೋಗ್ತೀನಿ. ಕೈ ಮ್ಯಾಲೇ ಇತ್ತು. ತಿಳೀತಾ?"

ನಾನು ಹೂಂ ಎಂದೆ. ಮೊದಲ ಪಾಠ.

ದವಾಖಾನೆಗೆ ಹೋದಾಗ ಕಾಕಾನ ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿದ್ದರು. ಕಾಕಿ ಕಮಲಾಪುರದಿಂದ ಬಂದು ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ನನ್ನನ್ನು ಸಮಾಧಾನ ಮಾಡಿದರು.

"ಅಮೀನ್ ಸಾಹೇಬ್ರು ಬಂದಿದ್ರು. ನಂದ ತಪ್ಪು, ನಾನ ಕೈ ಸರಿ ನೋಡಿಲ್ಲಂತ ಹೇಳೀನಿ. ನಿನ್ನ ನೌಕರಿಗಿ ಏನೂ ಆಗಲ್ಲ ಬಿಡು ತಮ್ಮಾ."

"ಕಾಕಾ, ನೀ ಕೈ ಸರೀನೇ ನೋಡೀದಿ."

"ವಯಸ್ಸಾಯ್ತು. ತಪ್ಪ ಕಂಡಿರಬೇಕು."

ಕಾಕಿ ಸೆರಗಿನಿಂದ ನೊಣ ಓಡಿಸುತ್ತಿದ್ದರು. ನನ್ನ ಮುಖ ನೋಡದೆ ಹೇಳಿದರು. "ನಾ ಇಲ್ಲಿ ಮುಟ್ಟಿದ ಕೂಡಲೇ ನನ್ನ ಮುಂದ ಅಂದಿದ್ದು ಬ್ಯಾರೆ. ಕೈ ಇಳೀತು, ನಾ ಬಂದೆ, ಅಷ್ಟೇ ಅಂದ್ರು. ಈಗ ನಿನ್ನ ಸಲುವಾಗಿ ಮಾತ ಬದಲಿ ಮಾಡ್ಯಾರ. ಊರಾಗ ಮಂದಿ ಏನ್ ಅನ್ನಾಕತ್ಯಾರ ಗೊತ್ತದೇನು? ಎಲ್ಲರಿಗೂ ಕೈ ನೋಡ್ರಿ ಕೈ ನೋಡ್ರಿ ಅಂತ ಬುದ್ಧಿ ಹೇಳಾಂವ, ತಾನೇ ಕೈ ಮೀರಿ ಬಿದ್ದಾನ ಅಂತಾರ."

ಕಾಲು ಮುರಿದದ್ದಕ್ಕಿಂತ ಆ ಮಾತು ಅವರನ್ನು ಹೆಚ್ಚು ನೋಯಿಸುತ್ತಿತ್ತು. ಕಾಕಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡದ್ದು ನೋವಿಗಲ್ಲ ಎಂದು ನನಗೆ ಗೊತ್ತಾಯಿತು.

ಆಮೇಲೆಯೂ ದಿನಾ ಆ ಪೆಟ್ಟಿಗೆ ಏರಬೇಕಿತ್ತು. ನಾನು ಕೈ ಎತ್ತಿದರೆ ಟಾಂಗಾದವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು, "ಕೈ ನೋಡಬ್ಯಾಡ್ರೋ, ರಸ್ತಾ ನೋಡ್ರಿ! ಕೈ ನೋಡಿದಾಂವ ದವಾಖಾನ್ಯಾಗ ಇದ್ದಾನ." ತಿಂಗಳುಗಟ್ಟಲೆ ಗಂಟಲು ಹರಿದು ಕಲಿಸಿದ್ದು ಒಂದು ಸಲಾಮಿಗೆ ಹೋಗಿತ್ತು. ಮೊಸರಿನ ಹೆಂಗಸು ಮಾತ್ರ ಏನೂ ಅನ್ನಲಿಲ್ಲ. ಅವಳು ಅಂದಿದ್ದರೆ ಚೆನ್ನಾಗಿತ್ತು.

ದೊಡ್ಡ ಸಾಹೇಬರ ಮೋಟಾರಿನ ಸಂಗತಿಯಾದ್ದರಿಂದ ಜಿಲ್ಲೆಯ ಪೊಲೀಸ್ ಹಿರಿಯ ಅಧಿಕಾರಿ ತಾವೇ ಚೌಕಿಗೆ ಬಂದು ನೋಡುತ್ತೇವೆ ಎಂದು ಹೇಳಿ ಕಳುಹಿಸಿದರು. ಅದೇ ಮೋಟಾರು, ಅದೇ ಡ್ರೈವರ್, ನಾನು ಅದೇ ಪೆಟ್ಟಿಗೆಯ ಮೇಲೆ. ಹೇಗಾಯಿತೋ ಹಾಗೆ ಮಾಡಿ ತೋರಿಸಬೇಕು. ಅಮೀನರು ಹಿಂದಿನ ದಿನವೇ ನನ್ನನ್ನು ಕರೆದು ತಾಲೀಮು ಕೊಟ್ಟರು. "ಕೈ ಎತ್ತು. ಮೋಟಾರ್ ಹೋಗೋ ತನಕ ಇಳಿಸಬ್ಯಾಡ. ಸಲಾಂ ಬ್ಯಾಡ. ಅದು ನಾ ಸಾಹೇಬ್ರಿಗಿ ಹೇಳ್ತೀನಿ." ನಾನು ಹೂಂ ಎಂದೆ. ಆದರೆ ಠಾಣೆಯಿಂದ ಹೊರಬೀಳುವಾಗ ಅಂಗಳದಲ್ಲಿ ಕಾಕಾನ ಸೈಕಲ್ಲು ಗೋಡೆಗೆ ಒರಗಿತ್ತು. ಹಿಂದಿನ ಚಕ್ರಕ್ಕೆ ಒಣಗಿದ ಬಾಳೆ ಎಲೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುತ್ತ ಅಲ್ಲೇ ಕುಳಿತೆ. ಎಲೆ ಪೂರ್ತಿ ಬಿಡಿಸಿ ಏಳುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಮೊದಲು ಡ್ರೈವರನನ್ನು ಹುಡುಕಿದೆ. ಅವನೂ ಆ ದಿನದಿಂದ ಸರಿಯಾಗಿ ಉಂಡವನಲ್ಲ, ಮುಖ ಸೊರಗಿತ್ತು. "ಭಾಯಿ, ಬಹಳ ಮೆಲ್ಲಗ ಬಾ. ಕಾಲು ಬ್ರೇಕ್ ಮ್ಯಾಲೇ ಇರಲಿ. ಮಂದಿ ಅಡ್ಡ ಬರತಾರ," ಎಂದೆ.

"ಯಾಕ ಬರತಾರ? ನೀ ನಿಂದ್ರಸತಿಯಲ್ಲ?"

"ನಿಂದ್ರಸತೀನಿ. ಆದ್ರೂ ಬರತಾರ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತಲೆಯಾಡಿಸಿದ.

ಚೌಕಿನ ಬದಿಯಲ್ಲಿ ಹಿರಿಯ ಅಧಿಕಾರಿ, ಅಮೀನರು, ಅರಿವೆ ವ್ಯಾಪಾರಿ, ಇನ್ನೂ ಕೆಲವು ಗಣ್ಯರು ನಿಂತಿದ್ದರು. ಅವರ ಹಿಂದೆ ಸೆರಗು ಬಿಗಿದು ಕಾಕಿ. ಇದೆಲ್ಲ ಏನೆಂದು ತಿಳಿಯದ ಸಂತೆಯ ಮಂದಿ ಹುಮನಾಬಾದ್ ದಾರಿಯಲ್ಲಿ ಕೂಡಿದ್ದರು. ನಾನು ಬಲಗೈ ಎತ್ತಿದೆ. ಪೊಲೀಸರು ಅಷ್ಟು ಜನ ನಿಂತಿದ್ದರಿಂದ ಆ ದಿನ ಎಲ್ಲರ ಕಣ್ಣೂ ನನ್ನ ಕೈ ಮೇಲೆಯೇ ಇದ್ದವು. ಬಂಡಿ ನಿಂತಿತು, ಸೈಕಲ್ಲುಗಳು ನಿಂತವು, ಮೊಸರಿನ ಹೆಂಗಸು ನಿಂತಳು. ಸ್ಟೇಷನ್ ಕಡೆಯಿಂದ ಮೋಟಾರು ಎತ್ತಿನ ನಡಿಗೆಯಲ್ಲಿ ಬಂತು. ಅಮೀನರು ನನ್ನನ್ನು ನೋಡಿ, ಹಾಗೇ ಇರು ಎಂದು ಕಣ್ಣಲ್ಲೇ ಹೇಳಿದರು.

ನಾನು ಮೈ ಸೆಟೆಸಿ, ಮುಖ ತಿರುಗಿಸಿ, ಸಲಾಂ ಹೊಡೆದೆ.

ಇಡೀ ದಾರಿ ಹೊರಟಿತು. ಸೈಕಲ್ಲು, ಬಂಡಿ, ತಲೆಹೊರೆಯ ಹೆಂಗಸರು ಎಲ್ಲರೂ ಮೋಟಾರಿನ ಮೂತಿಗೇ ಬಂದರು. ಡ್ರೈವರ್ ಬ್ರೇಕ್ ಒತ್ತಿದ. ಯಾರಿಗೂ ಏನೂ ತಾಗಲಿಲ್ಲ. ಮಂದಿ ಗಲಿಬಿಲಿಗೊಂಡು ನನ್ನ ಕಡೆ ನೋಡಿದರು. ನನ್ನ ಕೈ ಹಣೆಯ ಮೇಲೆ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ.

ಹಿರಿಯ ಅಧಿಕಾರಿ ನಡೆದು ಪೆಟ್ಟಿಗೆಯ ಹತ್ತಿರ ಬಂದರು. ಅವರು ಉರ್ದುವಿನವರು, ಆದರೂ ನಮ್ಮ ಮಾತು ಬಲ್ಲವರು.

"ಅಂದೂ ಹಿಂಗೇ ಮಾಡಿದ್ದಿ?"

"ಹೌದ್ರಿ ಹುಜೂರ್. ಬಾಳೆಹಣ್ಣಿನ ಕಾಕಾ ನನ್ನ ಕೈ ಮೀರಿಲ್ರಿ. ಕೈ ಮಾತ ಕೇಳೇ ಬಂದಾರ."

"ಆ ಕೈಗಿ ಏನಾಗ್ಯಾದ?" ಅವರು ಬೆನ್ನ ಹಿಂದಿದ್ದ ನನ್ನ ಎಡಗೈ ತೋರಿಸಿದರು.

"ಎಡಗೈ ತೋರಸಬ್ಯಾಡ ಅಂದಾರ್ರಿ. ಮಂದಿಗಿ ಅವಮಾನ ಆಗ್ತದಂತ್ರಿ."

ಅರಿವೆ ವ್ಯಾಪಾರಿ ಬೇರೆ ಕಡೆ ನೋಡಿದರು. ಅಮೀನರ ಮುಖ ಕಪ್ಪಿಟ್ಟಿತು. ಅಧಿಕಾರಿ ನನಗೆ ಶಹಬ್ಬಾಸ್ ಅನ್ನಲಿಲ್ಲ, ಬೈಯಲೂ ಇಲ್ಲ. ಪೆಟ್ಟಿಗೆಯಿಂದ ಇಳಿ ಎಂದರು, ಅಷ್ಟೇ. ಇಳಿದೆ. ಕಾಕಿ ನನ್ನ ಮುಂದೆಯೇ ಹಾದು ದವಾಖಾನೆಯ ಕಡೆ ನಡೆದರು.

ಕಾಕಾನ ಮೇಲಿನ ಪ್ರಕರಣ ಬಿದ್ದುಹೋಯಿತು. ಸೈಕಲ್ಲು ಬಂಡಿ ಏರಿ ಕಮಲಾಪುರಕ್ಕೆ ಹೋಯಿತು. ಪೆಟ್ಟಿಗೆಯ ಮೇಲೆ ನಿಂತ ಜವಾನ ಯಾರಿಗೂ ಸಲಾಂ ಹೊಡೆಯಬೇಕಾಗಿಲ್ಲ, ಎರಡೂ ಕೈ ಬಳಸಬೇಕು ಎಂದು ಅಪ್ಪಣೆಯಾಯಿತು. ನನ್ನ ಬಿಳಿ ತೋಳುಗಳನ್ನು ಬೇರೊಬ್ಬ ಜವಾನ ಹಾಕಿಕೊಂಡ. ನನ್ನನ್ನು ಕಮಲಾಪುರದ ಪೊಲೀಸ್ ನಾಕಾಕ್ಕೆ ಕಳುಹಿಸಿದರು. ಅದು ಶಿಕ್ಷೆಯೋ ಕನಿಕರವೋ ಯಾರೂ ಹೇಳಲಿಲ್ಲ. ನನಗಂತೂ ಶಿಕ್ಷೆಯೇ ಆಗಿತ್ತು. ಜೈಲಿಗೆ ಹಾಕಿದ್ದರೆ ಕಾಕಾನ ಮನೆಯ ಮುಂದೆ ದಿನಾ ಹಾಯಬೇಕಾಗಿರಲಿಲ್ಲ.

ಅವರ ಕಾಲು ಕೂಡಿತು, ಸೊಟ್ಟಗೆ ಕೂಡಿತು. ಮತ್ತೆ ಪೆಡಲು ತುಳಿಯಲಿಲ್ಲ. ಗೋಡೆಗೆ ಒರಗಿಸಿದ ಸೈಕಲ್ಲಿನ ಮೇಲೆ ಕಾಕಿ ಸೀರೆ ಒಣಹಾಕುತ್ತಿದ್ದರು. ನಾನು ತಲೆ ತಗ್ಗಿಸಿ ಹಾದುಹೋಗುತ್ತಿದ್ದೆ. ಕಾಕಾ ಕರೆದರೂ ಕೆಲಸದ ನೆಪ ಹೇಳುತ್ತಿದ್ದೆ.

ಒಂದು ಮುಂಜಾನೆ ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿದ್ದೆ. ಆಚೆ ಬದಿಯಲ್ಲಿ ತೋಟದ ದಾರಿ. ಕಾಕಾ ಕೋಲು ಊರಿಕೊಂಡು ಬಂದು ನಾನಿದ್ದ ಬದಿಯಲ್ಲೇ ರಸ್ತೆಯ ಅಂಚಿನಲ್ಲಿ ನಿಂತರು. ಅಲ್ಲಿ ಪೆಟ್ಟಿಗೆ ಇಲ್ಲ, ಚೌಕೂ ಇಲ್ಲ. ದೂರದಲ್ಲಿ ಬಸ್ಸಿನ ಧೂಳು ಮಾತ್ರ ಕಾಣುತ್ತಿತ್ತು. ದಾಟಲು ಬೇಕಾದಷ್ಟು ಹೊತ್ತಿತ್ತು. ಅವರು ದಾಟಲಿಲ್ಲ. ನನ್ನ ಕಡೆ ನೋಡುತ್ತ ನಿಂತರು.

"ಕೈ ತೋರಸಪ್ಪಾ," ಎಂದರು. "ದಾಟತೀನಿ."

ಕೆಣಕುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ. ಇನ್ನೂ ನಂಬಿದ್ದರು. ನಾನು ಹೋಗಿ ಬಲಗೈಯಿಂದ ಅವರ ರಟ್ಟೆ ಹಿಡಿದೆ. ನಾವು ನಡುರಸ್ತೆಗೆ ಬರುವಷ್ಟರಲ್ಲಿ ಬಸ್ಸು ಹತ್ತಿರವಾಗಿತ್ತು. ಎಡಗೈ ಎತ್ತಿ ಅದನ್ನು ನಿಲ್ಲಿಸಿದೆ. ಬಸ್ಸಿನ ಬದಿಯಿಂದ ಒಂದು ಮೋಟಾರು ಮುಂದೆ ಬಂದು ಗಕ್ಕನೆ ನಿಂತಿತು. ಬಾವುಟ ಇತ್ತು. ಒಳಗಿನವರು ನನ್ನನ್ನೂ ನನ್ನ ಎಡಗೈಯನ್ನೂ ದಿಟ್ಟಿಸಿ ನೋಡಿದರು. ನನ್ನ ಎರಡೂ ಕೈ ಇದ್ದಲ್ಲೇ ಇದ್ದವು. ಕಾಕಾ ಅವಸರ ಮಾಡಲಿಲ್ಲ. ಕೋಲು ಊರಿ, ಸೊಟ್ಟ ಕಾಲು ಎಳೆದು, ಕೋಲು ಊರಿ ದಾಟಿದರು.

ಆಚೆ ಬದಿಗೆ ಬಂದ ಮೇಲೆ ಕಾಕಾ ಮೋಟಾರು ಹೋದ ಕಡೆ ನೋಡಿದರು.

"ಸಾಹೇಬ್ರಿಗಿ ಸಲಾಂ ಹೊಡಿಲಿಲ್ಲಲ್ಲೋ ತಮ್ಮಾ?"

"ಕೈ ಖಾಲಿ ಇದ್ದಿಲ್ಲ ಕಾಕಾ."

ಅವರು ತೋಟದ ಕಡೆ ಎರಡು ಹೆಜ್ಜೆ ಹಾಕಿ, ತಿರುಗಿ ನನ್ನನ್ನು ನೋಡಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಅಂದೂ ಕೈ ಖಾಲಿ ಇದ್ದಿಲ್ಲಲ್ಲೋ," ಎಂದರು.